ಕಂಬವೂ ಕಾಣಿಕೆಯೂ

ಮನೆಯ ಒಳಾಂಗಣವನ್ನು ಅಲಂಕರಿಸುವುದು ಇಂದು ಒಂದು ವೃತ್ತಿಯಾಗಿ ಬೆಳೆದಿರುವುದು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಮನೆಯೆಂದರೆ ಮಳೆಬಿಸಿಲುಗಳಿಗೆ ಮರೆ ಮಾತ್ರವಲ್ಲ. ವಾಸಿಸುವವರ ಮನಸ್ಸಿಗೂ ಅಲ್ಲಿ ಎಡೆ ಬೇಕು. ಆದರೆ ಈ ವೃತ್ತಿಯವರಲ್ಲಿ ಅನೇಕರು ಆಡುವ ಮಾತೊಂದು ಪರಿಶೀಲನೆಗೆ ಅರ್ಹವಾಗಿದೆ. ಕಲೆಯೂ ದೇಶಸಂಚಾರವೂ ತಮಗೆ ಸ್ಫೂರ್ತಿಯೆಂದು ಅವರು ಹೇಳುವರು. ಮಾತು ಮಧುರವೇ ಸರಿ. ಆದರೆ ಸಂಚಾರದಿಂದ ಕಣ್ಣು ತುಂಬಿಕೊಂಡು ಮರಳುವುದಕ್ಕೂ ಲಾರಿ ತುಂಬಿಕೊಂಡು ಮರಳುವುದಕ್ಕೂ ಅಂತರವಿದೆಯಷ್ಟೆ!

ಮೆಲ್ಕಾರಿನ ಹೆದ್ದಾರಿಯನ್ನು ಬಿಟ್ಟು ಬಂಟ್ವಾಳ, ಬೆಳ್ತಂಗಡಿಗಳ ಒಳಗ್ರಾಮಗಳಿಗೆ ಹೋದರೆ ಇನ್ನೂ ಕೆಲವು ಹಳೆಯ ಗುತ್ತುಮನೆಗಳು ಕಾಣಸಿಗುವುವು. ಮರದ ಕಂಬಗಳು, ಕೆತ್ತನೆಯ ದಾರಂದಗಳು, ಹಲಗೆಯ ಮುಚ್ಚಿಗೆಗಳು ಅವುಗಳ ಸಂಪತ್ತು. ಕುಟುಂಬವು ಪಾಲಾಗಿ, ಮನೆಯನ್ನು ನೋಡಿಕೊಳ್ಳುವವರಿಲ್ಲದಾದಾಗ ವ್ಯಾಪಾರಿಯು ಬರುವನು. ತಲೆಮಾರುಗಳ ಕಾಲ ಮಾಡನ್ನು ಹೊತ್ತು ನಿಂತ ಕಂಬವು ದೂರದ ನಗರದ ಹಜಾರವೊಂದರಲ್ಲಿ ಏನನ್ನೂ ಹೊರದೆ ನಿಲ್ಲುವುದು. ಅದು ಯಾವ ಊರಿನದು, ಯಾವ ಚಾವಡಿಯದು ಎಂದು ಅಲ್ಲಿ ಕೇಳುವವರಿಲ್ಲ. ಇದಕ್ಕೆ ಸ್ಫೂರ್ತಿಯೆಂದು ಹೆಸರು!

ನಿಜವಾದ ಸ್ಫೂರ್ತಿ ಎಂತಹುದೆಂದು ತಿಳಿಯಬಯಸುವವರು ಮೂಡಬಿದಿರೆಗೆ ಹೋಗಲಿ. ಅಲ್ಲಿನ ಸಾವಿರ ಕಂಬದ ಬಸದಿಯು 1430ರಲ್ಲಿ ನಿರ್ಮಿತವಾಯಿತು. ಅರಸರೂ ವರ್ತಕರೂ ಕೊಟ್ಟ ದಾನದಿಂದ ಅದು ಬೆಳೆಯಿತು. ಒಂದು ಕಂಬದಂತೆ ಇನ್ನೊಂದಿಲ್ಲವೆಂಬುದು ಜನಜನಿತವಾದ ಮಾತು. ಅದೇ ಶತಮಾನದಲ್ಲಿ ಸೇರಿಸಲ್ಪಟ್ಟ ಭೈರಾದೇವಿ ಮಂಟಪದ ಜಗತಿಯನ್ನು ನೋಡಬೇಕು: ಅಲ್ಲಿ ಆಫ್ರಿಕದ ಜಿರಾಫೆಯಿದೆ, ಚೀನದ ಡ್ರಾಗನ್ ಇದೆ! ಕರಾವಳಿಯ ವ್ಯಾಪಾರವು ಕಡಲಾಚೆಯ ನಾಡುಗಳ ಸುದ್ದಿಯನ್ನು ಹೊತ್ತು ತಂದಿತು. ಶಿಲ್ಪಿಯು ಅದನ್ನು ತನ್ನ ಊರಿನ ಕಲ್ಲಿನಲ್ಲಿ ತನ್ನ ಕೈಯಿಂದಲೇ ಕಂಡರಿಸಿದನು. ಚೀನದ ಯಾವ ಮಂದಿರವೂ ಇದಕ್ಕಾಗಿ ಒಂದು ಕಲ್ಲನ್ನೂ ಕಳೆದುಕೊಳ್ಳಲಿಲ್ಲ. ಕಲೆ, ಸಂಚಾರ, ದಾನ ಈ ಮೂರೂ ಕೂಡಿದ ಸ್ಥಾನವೆಂದರೆ ಇದು. ಇಂದಿನವರು ಮೊದಲಿನೆರಡನ್ನು ಉಳಿಸಿಕೊಂಡು ಮೂರನೆಯದನ್ನು ಮರೆತಿರುವರು.

ವಾಸದ ಮನೆಗೆ ಬಸದಿಯ ಉಪಮಾನ ಸಲ್ಲದೆನ್ನುವವರು ಅದೇ ಊರಿನ ಚೌಟರ ಅರಮನೆಗೆ ಹೋಗಲಿ. ಒಂಬತ್ತು ನಾರಿಯರು ಕೂಡಿ ಆನೆಯಾದ ನವನಾರೀಕುಂಜರ, ಐವರು ಕೂಡಿ ಕುದುರೆಯಾದ ಪಂಚನಾರೀತುರಗ ಅಲ್ಲಿನ ಮರದ ಕಂಬಗಳಲ್ಲಿ ಇಂದಿಗೂ ಇವೆ. ಅವು ಇದ್ದಲ್ಲಿಯೇ ಇರುವುದರಿಂದಲ್ಲವೇ ಇಂದಿನ ಬಡಗಿಯ ಮಗನೂ ಹೋಗಿ ನೋಡಿ ಕಲಿಯಬಹುದಾಗಿರುವುದು?

"ಬೀಳುವ ಮನೆಯ ಕಂಬವು ಒಲೆಗೆ ಹೋಗುವುದಕ್ಕಿಂತ ಹಜಾರಕ್ಕೆ ಹೋಗುವುದು ಲೇಸಲ್ಲವೇ?" ಎಂಬ ಪ್ರಶ್ನೆಯುಂಟು. ಪ್ರಶ್ನೆಯು ನ್ಯಾಯವಾದುದೇ. ಆದರೆ ಅದಕ್ಕೆ ಉತ್ತರವನ್ನು ಮಣಿಪಾಲದ ವಿಜಯನಾಥ ಶೆಣೈಯವರು ಕೃತಿಯಲ್ಲಿಯೇ ಕೊಟ್ಟಿರುವರು. 2017ರಲ್ಲಿ ತೀರಿಕೊಂಡ ಈ ಮಹನೀಯರು, ಬೀಳಲಿದ್ದ ಮನೆಗಳ ಕಂಬವೊಂದನ್ನೋ ಬಾಗಿಲೊಂದನ್ನೋ ಆಯ್ದು ತರುವುದರಲ್ಲಿಯೇ ನಿಲ್ಲದೆ, ಇಡೀ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಗ್ರಾಮದಲ್ಲಿ ಮರಳಿ ನಿಲ್ಲಿಸಿದರು. ಮಿಯಾರಿನ ಮನೆಯು ಮಿಯಾರಿನ ಮನೆಯೆಂದೇ ಅಲ್ಲಿ ಕರೆಯಲ್ಪಡುವುದು. ರಕ್ಷಣೆಗೂ ಸಂಗ್ರಹದ ಚಪಲಕ್ಕೂ ಇರುವ ಭೇದವು ಇಷ್ಟೇ: ಒಂದು ಹೆಸರನ್ನು ಉಳಿಸುವುದು, ಇನ್ನೊಂದು ಅಳಿಸುವುದು.

ಅಲಂಕಾರಕ್ಕೆ ಹೊಸ ಕೆತ್ತನೆಯೇಕಾಗಬಾರದು? ಕಾರ್ಕಳದ ಬಳಿಯ ಅದೇ ಮಿಯಾರಿನಲ್ಲಿ ಸಿ. ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯು ಶಿಲೆ, ಮರ, ಲೋಹಗಳ ಕೆತ್ತನೆಯನ್ನು ತರುಣರಿಗೆ ಕಲಿಸುತ್ತಿರುವುದು. ಕಲಿತ ಕೈಗೆ ಕೆಲಸ ಬೇಕು. ಹಳೆಯ ಕಂಬಕ್ಕೆ ತೆರುವ ಹಣವು ವ್ಯಾಪಾರಿಯ ಪೆಟ್ಟಿಗೆಯನ್ನು ಸೇರುವುದು. ಹೊಸ ಕಂಬಕ್ಕೆ ತೆರುವ ಹಣವು ಕಲೆಯನ್ನೇ ಪೋಷಿಸುವುದು.

ಆದುದರಿಂದ ವಿನ್ಯಾಸಕಾರರು ಸಂಚರಿಸಲಿ, ನೋಡಲಿ, ಬರೆದುಕೊಳ್ಳಲಿ. ಆದರೆ ಯಾವ ಚಾವಡಿಯಿಂದ ತಮ್ಮ ಕಲ್ಪನೆಗೆ ಬೀಜ ದೊರೆಯಿತೋ ಆ ಚಾವಡಿಯ ಮಾಡಿಗೆ ನಾಲ್ಕು ಹೆಂಚುಗಳನ್ನಾದರೂ ಕೊಟ್ಟು ಬರಲಿ. ಅವರಿಂದ ಮನೆಯನ್ನು ಅಲಂಕರಿಸಿಕೊಳ್ಳುವ ಗೃಹಸ್ಥರೂ "ಈ ಕಂಬ ಎಲ್ಲಿಯದು?" ಎಂದು ಒಮ್ಮೆ ಕೇಳಲಿ. ಆ ಪ್ರಶ್ನೆಗೆ ಉತ್ತರವಿಲ್ಲದ ಮನೆಯು ಎಷ್ಟು ಸಿಂಗರಗೊಂಡರೂ ಎರವಲು ಒಡವೆ ತೊಟ್ಟಂತೆಯೇ ಸರಿ.