ದಿಕ್ಕು ಆಮ್ಯಾಲ, ಮೊದ್ಲ ಮಣ್ಣು ನೋಡ್ರಿ

ಹೋದ ವಾರ ನನ್ನ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ಹುಬ್ಬಳ್ಳಿಯಿಂದ ಗದಗದ ಕಡೆ ಹೋಗೂ ರಸ್ತಾದಾಗ ಒಂದು ಸೈಟ್ ನೋಡೇವಿ. ಪೂರ್ವಕ್ಕ ಬಾಗಲಾ ಬರ್ತದ, ವಾಸ್ತು ಎಲ್ಲಾ ಸರಿ ಅದ. ದಸರಾಕ್ಕ ಮುಂಗಡ ಕೊಡಬೇಕಂತ ಮಾಡೇವಿ" ಅಂದ್ಲು. ನಾ ಕೇಳಿದ್ದು ಒಂದ ಮಾತು: "ಕೆಳಗ ಮಣ್ಣು ಯಾವುದದ?" ಆಕಿ ನಕ್ಕಬಿಟ್ಲು. "ಮಣ್ಣು ತೊಗೊಂಡು ಏನ್ ಮಾಡೂದು, ಜ್ವಾಳ ಬಿತ್ತೂದದ ಏನು?"

12 ವರ್ಷದ ಹಿಂದ ನಾನೂ ಹಿಂಗ ನಕ್ಕಿದ್ದೆ. ನಾವು ಸೈಟ್ ತೊಗೊಂಡಾಗ ಮ್ಯಾಲೆಲ್ಲಾ ಕೆಂಪಗ ಕಾಣ್ತಿತ್ತು. ಮಸಾರಿ ಭೂಮಿ ಅದ, ಚಿಂತಿಲ್ಲ ಅಂದ್ಕೊಂಡ್ವಿ. ಬುನಾದಿ ಅಗದಾಗ ಗೊತ್ತಾತು, ಅದು ಲೇಔಟ್ ಮಾಡಿದವರು ಹರವಿದ್ದ ಒಂದಡಿ ಗರಸು. ಅದರ ಕೆಳಗ ಬರೇ ಎರಿ. ಆದ್ರೂ ಮೂರಡಿ ಅಗದು, ಕಲ್ಲು ತುಂಬಿ, ಮನಿ ಎಬ್ಬಿಸಿದ್ವಿ. ಎರಡನೇ ಬ್ಯಾಸಗಿಗೆ ಅಡಗಿಮನಿ ಕಿಡಕಿ ಮೂಲಿಯಿಂದ ಕೂದಲೆಳಿಯಂಥಾ ಬಿರುಕು ಹೊಂಟಿತು. ಈಗ ಅದರಾಗ ಚಮಚದ ಹಿಡಿಕಿ ಹೋಗ್ತದ. ಮಳಿಗಾಲದಾಗ ಬಚ್ಚಲದ ಬಾಗಲಾ ಹಾಕಲಿಕ್ಕೇ ಬರೂದಿಲ್ಲ. ನನ್ನ ನಾಕು ಪಾಟ್ಲಿ ಆ ಗ್ವಾಡಿಯೊಳಗ ಹೋಗ್ಯಾವ, ನೋಡಿದಾಗೊಮ್ಮೆ ಹೊಟ್ಟಿ ಚುರ್ ಅಂತದ.

ಎರಿ ಮಣ್ಣಿನ ಗುಣ ನಮಗೇನು ಹೊಸದಲ್ಲ. ಬ್ಯಾಸಗಿಯೊಳಗ ಹೊಲದ ಬಿರುಕಿನ್ಯಾಗ ಕೈ ಹೋಗೂದು ನಾವೆಲ್ಲಾರೂ ನೋಡೇವಿ. ಅದರಾಗಿನ ಜಿಗಟು ನೀರು ಕುಡದ್ರ ನೆನಿಹಾಕಿದ ಸಾಬೂದಾಣಿ ಹಂಗ ಉಬ್ಬತದ, ಒಣಗಿದ್ರ ಕುಗ್ಗತದ. ಮನಿ ಪೂರಾ ಒಮ್ಮೆಲೇ ಏರಿ ಇಳದ್ರ ಅಷ್ಟು ತ್ರಾಸಿಲ್ಲ. ಆದ್ರ ಹೊರಗಿನ ಅಂಚು ಮಳಿಗೆ ನೆನಿತದ, ನಡುವಿನ ನೆಲ ಒಣಾ ಇರ್ತದ. ಒಂದು ಕಡೆ ಬಚ್ಚಲದ ನೀರು ಇಂಗತದ, ಇನ್ನೊಂದು ಕಡೆ ಬೇವಿನ ಗಿಡ ಇದ್ದ ನೀರೆಲ್ಲಾ ಹೀರತದ. ಒಂದು ಮೂಲಿ ಏರತದ, ಇನ್ನೊಂದು ಕೂಡತದ, ನಡುವ ಗ್ವಾಡಿ ಸೀಳತದ. ಬಿಳಿಜ್ವಾಳಕ್ಕ, ಕಡಲಿಗೆ, ಹತ್ತಿಗೆ ಇದರಂಥಾ ಭೂಮಿ ಇಲ್ಲ. ಆದ್ರ ಅನ್ನ ಕೊಡೂ ಭೂಮಿ ಮನಿ ಹೊರತದ ಅಂತ ನಂಬಬಾರದು.

ನಮ್ಮ ಮನಿಯವರು ಅಂತಾರ, "ಊರ ತುಂಬ ಎರಿಯೊಳಗ ಮನಿ ಕಟ್ಯಾರ, ಯಾವುದು ಬಿದ್ದದ?" ಖರೆ, ಬೀಳೂದಿಲ್ಲ. ಆದ್ರ ಎರಡು ವರ್ಷಕ್ಕೊಮ್ಮೆ ಗಿಲಾವು, ಬಣ್ಣ ಅಂತ ರೊಕ್ಕ ಸುರಿಯೂದು ತಪ್ಪೂದಿಲ್ಲ. ಹಳೇ ಮಣ್ಣಿನ ಗ್ವಾಡಿ, ಕಟಗಿ ಕಂಬದ ಮನಿ ಸ್ವಲ್ಪ ಬಾಗಿ ತಡಕೋತಿತ್ತು. ಇಟ್ಟಂಗಿ ಸಿಮೆಂಟಿಗೆ ಬಾಗೂದು ಗೊತ್ತಿಲ್ಲ.

ಅದಕ್ಕ ನನ್ನ ಮಾತಿಷ್ಟ. ಮುಂಗಡ ಕೊಡೂಕಿಂತ ಮೊದ್ಲ ಎರಡು ಮೂರು ಕಡೆ ಐದಾರು ಅಡಿ ತೆಗ್ಗು ತೋಡಿಸಿ ನೋಡ್ರಿ. ಬಾಜೂ ಮನಿ ಹೆಣಮಕ್ಕಳನ್ನ ಕೇಳ್ರಿ: "ಮಳಿಗಾಲದಾಗ ನಿಮ್ಮ ಬಾಗಲಾ ಹಿಡೀತಾವೇನ್ರಿ?" ಅವರು ಖರೆ ಹೇಳ್ತಾರ. ಇಂಜಿನಿಯರ್ ಕಡೆಯಿಂದ ಮಣ್ಣು ಪರೀಕ್ಷಾ ಮಾಡಸ್ರಿ. ಗೇಟಿಗೆ, ಟೈಲ್ಸಿಗೆ ಹಾಕೂ ರೊಕ್ಕದ ಮುಂದ ಆ ಖರ್ಚು ಏನೂ ಅಲ್ಲ.

ಎರಿ ಅದ ಅಂದ್ರ ಬಿಟ್ಟ ಬರ್ರಿ ಅನ್ನೂದಿಲ್ಲ. ಗಟ್ಟಿ ಗರಸು ಹತ್ರ ಸಿಕ್ಕರ ಅಲ್ಲಿತನಕ ಅಗದು ಬುನಾದಿ ಹಾಕಬೇಕು. ಎರಿ ಭಾಳ ಆಳ ಇದ್ರ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಒಂದು ಪದ್ಧತಿ ಅದ: ಬುಡದಾಗ ಗಡ್ಡಿ ಹಂಗ ದಪ್ಪ ಇರೂ ಕಾಂಕ್ರೀಟ್ ಕಂಬ, ಸಾಮಾನ್ಯ 3.5 ಮೀಟರ್ ಆಳ. ಅಷ್ಟು ಕೆಳಗ ಮಣ್ಣು ಮಳಿಗೆ ಬ್ಯಾಸಗಿಗೆ ಅಷ್ಟಾಗಿ ಅಲಗಾಡೂದಿಲ್ಲ. ಮನಿ ಸುತ್ತ ನೀರು ಇಂಗಧಂಗ ಕಾಂಕ್ರೀಟ್ ಕಟ್ಟಿ ಮಾಡಸ್ರಿ. ಇದರ ಖರ್ಚು ಮೊದ್ಲ ಲೆಕ್ಕ ಹಾಕಿ ಸೈಟಿನ ರೇಟ್ ಇಳಸ್ರಿ.

ಹೂವಿನ ಗಿಡಕ್ಕೂ ಇದ ಮಾತು. ನಮ್ಮ ಎರಿಯೊಳಗ ಸುಣ್ಣದಂಶ ಜಾಸ್ತಿ. ಮಲ್ಲಿಗಿ ಎಳೀ ಎಲಿ ಹಳದಿ ಆಗಿ ನರ ಅಷ್ಟ ಹಸರ ಉಳದ್ರ, ಅದು ಸಾಮಾನ್ಯವಾಗಿ ಕಬ್ಬಿಣದ ಕೊರತಿ. ಅದಕ್ಕ ಯೂರಿಯಾ ಸುರದ್ರ ಉಪಯೋಗಿಲ್ಲ. ಗೊಬ್ಬರ ಕೂಡಿಸಿ ಮಡಿ ಎತ್ತರ ಮಾಡ್ರಿ, ನೀರು ನಿಲ್ಲಗೊಡಬ್ಯಾಡ್ರಿ. ನಾಕೈದು ಕಡೆ ಆರಿಂಚು ಆಳದ ಮಣ್ಣು ತಗದು, ಕಲಿಸಿ, ನೆರಳಾಗ ಒಣಗಿಸಿ, ಅರ್ಧ ಕಿಲೋ ಕೃಷಿ ವಿಜ್ಞಾನ ಕೇಂದ್ರದಾಗ ಕೊಟ್ಟು ಪರೀಕ್ಷಾ ಮಾಡಸ್ರಿ.

ಐತವಾರ ತಂಗಿ ತೆಗ್ಗು ತೋಡಿಸಿದ್ಲು. ಒಂದಡಿ ಕೆಂಪು, ಆರಡಿಗೂ ಕರಿ. ಫೋಟೋ ಕಳಿಸ್ಯಾಳ, ಈ ಸಲ ನಕ್ಕಿಲ್ಲ. ಮುಂಗಡದ ರೊಕ್ಕ ಇನ್ನೂ ಆಕಿ ಕಪಾಟಿನ್ಯಾಗ ಅದ.