ಬೆನಿನ್ ಎರಕಗಳು: ಕರ್ತೃತ್ವವೂ ಒಡೆತನವೂ

'ಬೆನಿನ್ ಕಂಚು' ಎಂಬ ಹೆಸರಿನಲ್ಲಿ ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿರುವ ಕೃತಿಗಳಲ್ಲಿ ಹೆಚ್ಚಿನವು ಕಂಚಿನವಲ್ಲ, ಹಿತ್ತಾಳೆಯವು. ಅವು ಇಂದಿನ ಬೆನಿನ್ ಗಣರಾಜ್ಯದವೂ ಅಲ್ಲ. ನೈಜೀರಿಯಾದ ಎಡೊ ರಾಜ್ಯದಲ್ಲಿರುವ ಬೆನಿನ್ ನಗರದವು. ದಹೋಮಿ ದೇಶ 1975ರಲ್ಲಿ ಬೆನಿನ್ ಎಂಬ ಹೆಸರು ತಳೆದದ್ದರಿಂದ ಹುಟ್ಟಿದ ಗೊಂದಲವಿದು. ಇವೆರಡೂ ತಿದ್ದಿಕೊಳ್ಳಬಹುದಾದ ತಪ್ಪುಗಳು. ಸಹಿಸಲಾಗದ್ದು ಬೇರೊಂದಿದೆ: ಈ ಕೃತಿಗಳ ಕಾಲ, ಕ್ರಮ, ಸಂದರ್ಭಗಳು ಅಸ್ಪಷ್ಟವಾಗಿರುವುದರಿಂದ ಅವನ್ನು ಅರಿತು ಕಾಪಾಡಬಲ್ಲವರು ಯುರೋಪಿನ ತಜ್ಞರೇ ಎಂಬ ವಾದ. ಆ ಅಸ್ಪಷ್ಟತೆಯನ್ನು ತಂದಿಟ್ಟವರು ಯಾರು ಎಂದು ಈ ವಾದ ತನ್ನನ್ನು ತಾನು ಕೇಳಿಕೊಂಡದ್ದೇ ಇಲ್ಲ.

ಬ್ರಿಟಿಷ್ ಸಂರಕ್ಷಿತ ಪ್ರದೇಶದ ಹಂಗಾಮಿ ಅಧಿಕಾರಿ ಜೇಮ್ಸ್ ಫಿಲಿಪ್ಸ್ 1896ರ ನವೆಂಬರಿನಲ್ಲಿಯೇ ಬೆನಿನ್ನಿನ ಅರಸ ಒಬಾ ಒವೊನ್‌ರಾಮ್ವೆನ್‌ನನ್ನು ಪದಚ್ಯುತಗೊಳಿಸಲು ಲಂಡನ್ನಿನ ಅನುಮತಿ ಕೋರಿದ್ದನು. ಅರಮನೆಯಲ್ಲಿ ಸಿಗುವ ದಂತದಿಂದ ದಂಡಯಾತ್ರೆಯ ವೆಚ್ಚ ಹುಟ್ಟೀತೆಂಬ ಲೆಕ್ಕವೂ ಆ ಪತ್ರದಲ್ಲಿತ್ತು. 1897ರ ಜನವರಿಯಲ್ಲಿ, ಬರಬಾರದೆಂಬ ಸೂಚನೆಯನ್ನು ಮೀರಿ ಹೊರಟ ಅವನ ತಂಡ ದಾರಿಯಲ್ಲಿ ಹತವಾಯಿತು. ಫೆಬ್ರವರಿಯಲ್ಲಿ ನೌಕಾಪಡೆ ನಗರವನ್ನು ವಶಪಡಿಸಿಕೊಂಡಿತು. ಕೆಲವೇ ದಿನಗಳಲ್ಲಿ ಅರಮನೆ ಬೆಂಕಿಗೆ ತುತ್ತಾಯಿತು. ಗಡಿಪಾರಾದ ಒಬಾ 1914ರಲ್ಲಿ ಕಲಬಾರಿನಲ್ಲಿ ತೀರಿಕೊಂಡನು. ಫಿಲಿಪ್ಸನ ಸಾವಿಗೆ ಪ್ರತೀಕಾರವೆಂದೇ ಇಂದಿಗೂ ಹೇಳಲಾಗುವ ಈ ದಾಳಿಯ ಲೆಕ್ಕಾಚಾರ ಆ ಸಾವಿಗೂ ಮೊದಲೇ ಕಾಗದದ ಮೇಲಿತ್ತೆಂಬುದನ್ನು ನೆನಪಿಡಬೇಕು.

ಅರಮನೆಯಿಂದ ಸಾವಿರಾರು ವಸ್ತುಗಳು ಹೊರಬಿದ್ದವು. ಕೆಲವು ಅಧಿಕಾರಿಗಳ ಪಾಲಾದವು, ಉಳಿದವು ಮಾರಾಟಕ್ಕೆ ಬಂದವು. ಆ ವರ್ಷದ ಶರತ್ಕಾಲದಲ್ಲಿ ಸುಮಾರು 300 ಉಬ್ಬುಫಲಕಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಗೊಂಡವು. ಸುಮಾರು 200 ಅಲ್ಲಿಯೇ ಉಳಿದವು. ಅರಮನೆಯ ಪೂರ್ವಜರ ಪೀಠಗಳ ಮೇಲೆ ಪ್ರತಿಯೊಬ್ಬ ಗತಿಸಿದ ಒಬಾನ ನೆನಪಿಗೆ ಹಿತ್ತಾಳೆಯ ಶಿರಗಳಿದ್ದವು, ಅವುಗಳ ನೆತ್ತಿಯಿಂದ ಕೆತ್ತಿದ ಆನೆದಂತಗಳು ಮೇಲೆದ್ದಿದ್ದವು. ಯಾವ ಶಿರ ಯಾವ ಪೀಠದ್ದೆಂದು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಓಲೆಗರಿಯ ಕಟ್ಟನ್ನು ಬಿಚ್ಚಿ, ಗರಿಗಳನ್ನು ಹತ್ತು ಊರುಗಳಿಗೆ ಮಾರಿ, ಆಮೇಲೆ ಈ ಗ್ರಂಥದ ಪಾಠಕ್ರಮ ಶಿಥಿಲವೆಂದು ಷರಾ ಬರೆದಂತಾಯಿತು. ಉಬ್ಬುಫಲಕಗಳ ವಿಷಯ ಸ್ವಲ್ಪ ಬೇರೆ. ಅವು ದಾಳಿಗೆ ಬಹು ಮುಂಚೆಯೇ ಅರಮನೆಯ ಕಂಬಗಳಿಂದ ಇಳಿದು ಉಗ್ರಾಣ ಸೇರಿದ್ದವು. ಅವುಗಳ ಕ್ರಮ ಕೆಟ್ಟದ್ದಕ್ಕೆ ಸೈನಿಕರೇ ಪೂರ್ಣ ಹೊಣೆಯಲ್ಲ. ಆದರೆ ಪೀಠಗಳ ಮಟ್ಟಿಗೆ ಈ ರಿಯಾಯಿತಿ ಸಲ್ಲುವುದಿಲ್ಲ. ತೆಳುವಾದ ಎರಕ ಪ್ರಾಚೀನ, ದಪ್ಪ ಎರಕ ಅರ್ವಾಚೀನ ಎಂಬ ಸೂತ್ರದಿಂದ ವಿಲಿಯಂ ಫ್ಯಾಗ್ ಮುಂತಾದವರು ಶಿರಗಳ ಕಾಲಾನುಕ್ರಮವನ್ನು ಮತ್ತೆ ಕಟ್ಟಬೇಕಾಗಿ ಬಂದದ್ದು ಆ ನಷ್ಟದಿಂದಲೇ. ಕಲೆ ಉಚ್ಛ್ರಾಯದಿಂದ ಅವನತಿಗೆ ಇಳಿಯಲೇಬೇಕೆಂಬ ಪೂರ್ವಗ್ರಹ ಆ ಸೂತ್ರದ ಬೆನ್ನೆಲುಬು.

ಕರ್ತೃತ್ವದ ಕಥೆ ಇದಕ್ಕಿಂತ ಕೆಟ್ಟದ್ದು. ಕೃತಿಗಳು ಲಂಡನ್ನಿಗೆ ಬಂದೊಡನೆ ವಿದ್ವಾಂಸರು ಪೋರ್ಚುಗಲ್ಲಿನತ್ತ, ಈಜಿಪ್ಟಿನತ್ತ ನೋಡಿದರು. ನೋಡದೆ ಬಿಟ್ಟದ್ದು ಬೆನಿನ್ನಿನ ಇಗುನ್ ಬೀದಿಯನ್ನು. ಅಲ್ಲಿ ಅರಮನೆಯ ಎರಕದವರ ಶ್ರೇಣಿ ತಲೆಮಾರುಗಳಿಂದ ಮೇಣದ ಅಚ್ಚಿನಲ್ಲಿ ಲೋಹ ಎರೆಯುತ್ತಿತ್ತು, ಇಂದಿಗೂ ಎರೆಯುತ್ತಿದೆ. ಮಾನಸೋಲ್ಲಾಸವನ್ನು ಓದಿದವರಿಗೆ ಆ ವಿಧಾನ ಅಪರಿಚಿತವಲ್ಲ. 1910ರಲ್ಲಿ ನೆರೆಯ ಇಫೆಯಲ್ಲಿ ಒಂದು ಲೋಹಶಿರವನ್ನು ಕಂಡ ಲಿಯೊ ಫ್ರೊಬೇನಿಯಸ್, ಅಟ್ಲಾಂಟಿಸ್ ಎಂಬ ಕಾಲ್ಪನಿಕ ನಾಡನ್ನು ನಂಬಲು ಸಿದ್ಧನಾದನೇ ಹೊರತು ಯೊರುಬಾ ಕಲಾವಿದನನ್ನು ನಂಬಲಿಲ್ಲ. ಆಗ್ನೇಯ ನೈಜೀರಿಯಾದ ಇಗ್ಬೊ-ಉಕ್ವುವಿನಲ್ಲಿ ಥರ್‌ಸ್ಟನ್ ಷಾ 1959ರಿಂದ ನಡೆಸಿದ ಉತ್ಖನನದಲ್ಲಿ ಸಿಕ್ಕ ಕಂಚುಗಳು (ಇವು ನಿಜವಾಗಿಯೂ ಕಂಚು) ಕ್ರಿಸ್ತಶಕ 9-10ನೆಯ ಶತಮಾನದವೆಂದು ತಿಳಿದಾಗ, ಪೋರ್ಚುಗೀಸರು ಕಲಿಸಿದರೆಂಬ ಮಾತು ಸತ್ತಿತು. ಪೋರ್ಚುಗೀಸರು ಆ ಕರಾವಳಿಗೆ ಬಂದದ್ದು 15ನೆಯ ಶತಮಾನದಲ್ಲಿ. ಬರ್ಲಿನ್ನಿನ ಫೆಲಿಕ್ಸ್ ಫಾನ್ ಲೂಶಾನ್ ಮಾತ್ರ ಬೆನಿನ್ನಿನ ಎರಕವನ್ನು ಚೆಲ್ಲಿನಿಯ ಎರಕಕ್ಕೆ ಸಾಟಿಯೆಂದು ಸಾರಿದನು. ಹಾಗೆ ಸಾರುತ್ತಲೇ ನೂರಾರು ಕೃತಿಗಳನ್ನು ಕೊಂಡುಕೊಂಡನು!

ಈಗ ವಾದ ಬೇರೊಂದು ವೇಷ ತೊಟ್ಟಿದೆ. ಎರಕಕ್ಕೆ ಬಳಸಿದ ಹಿತ್ತಾಳೆ 'ಮನಿಲ್ಲಾ' ಎಂಬ ಬಳೆಯಾಕಾರದ ಗಟ್ಟಿಗಳ ರೂಪದಲ್ಲಿ ಯುರೋಪಿನಿಂದ ಬರುತ್ತಿತ್ತು. ಅದರ ಮೂಲ ಜರ್ಮನಿಯ ರೈನ್ ಪ್ರದೇಶವೆಂದು 2023ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿದೆ. ಲೋಹ ಎಲ್ಲಿಂದ ಬಂದಿತೆಂಬುದರಿಂದ ಕರ್ತೃತ್ವ ನಿರ್ಧಾರವಾಗುವುದಾದರೆ ಕಾವ್ಯಗಳನ್ನು ಕಾಗದದ ಗಿರಣಿಗಳ ಹೆಸರಿಗೆ ಬರೆಯಬೇಕಾದೀತು. ಗುಲಾಮರ ವ್ಯಾಪಾರದಲ್ಲಿಯೂ ಮನಿಲ್ಲಾ ಚಲಾವಣೆಯಲ್ಲಿತ್ತು, ಬೆನಿನ್ ಅರಸರೂ ಅದರಲ್ಲಿ ಪಾಲುದಾರರು ಎಂಬ ಆಕ್ಷೇಪ ಮಾತ್ರ ಗಂಭೀರವಾದದ್ದು. ಆ ಋಣ ಮಾರಲ್ಪಟ್ಟವರ ವಂಶಜರಿಗೆ ಸಲ್ಲಬೇಕಾದದ್ದು. ಅದರಿಂದ ಲಂಡನ್ನಿಗೆ ಒಡೆತನ ಹುಟ್ಟುವ ಬಗೆ ಹೇಗೆಂದು ಯಾರೂ ವಿವರಿಸಿಲ್ಲ. ಕೃತಿಗಳು ಒಬಾನಿಗೆ ಸೇರಬೇಕೋ ರಾಷ್ಟ್ರಕ್ಕೋ ಎಂಬ ನೈಜೀರಿಯಾದ ಚರ್ಚೆಯೂ ಹಾಗೆಯೇ: ಅದು ಮನೆಯವರ ಪಾಲಿನ ಪ್ರಶ್ನೆ, ಕೊಂಡೊಯ್ದವರಿಗೆ ಅದರಲ್ಲಿ ಪಾಲಿಲ್ಲ.

2022ರಲ್ಲಿ ಜರ್ಮನಿ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಡಲು ಒಪ್ಪಿ, ಡಿಸೆಂಬರಿನಲ್ಲಿ 20 ಕೃತಿಗಳನ್ನು ಹಿಂದಿರುಗಿಸಿತು. ಬೆನಿನ್ನಿನ 900ಕ್ಕೂ ಹೆಚ್ಚು ವಸ್ತುಗಳುಳ್ಳ ಬ್ರಿಟಿಷ್ ಮ್ಯೂಸಿಯಂ 1963ರ ಕಾಯಿದೆಯನ್ನು ತೋರಿಸುತ್ತದೆ. ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡಲು ಆ ಕಾಯಿದೆ ಅಡ್ಡಿಯಂತೆ. ಇದೇ ಸಂಸ್ಥೆ 1950ರಿಂದ 1972ರ ನಡುವೆ 30ಕ್ಕೂ ಹೆಚ್ಚು ಬೆನಿನ್ ಎರಕಗಳನ್ನು ಕೈಬಿಟ್ಟಿತು, ಬಹುಪಾಲನ್ನು ನೈಜೀರಿಯಾಕ್ಕೇ ಮಾರಿತು. ಒಂದನ್ನೊಂದು ಹೋಲುವ ಫಲಕಗಳು ನಕಲು ಪ್ರತಿಗಳೆಂದು ಅಲ್ಲಿನ ತಜ್ಞರು ಆಗ ತೀರ್ಮಾನಿಸಿದ್ದರು. ಅಂಥ ಫಲಕಗಳನ್ನು ಜೋಡಿಯಾಗಿಯೇ ಎರೆಯುತ್ತಿದ್ದರೆಂಬುದು ಅವರಿಗೆ ತಿಳಿದದ್ದು ಮಾರಿದ ಮೇಲೆ.