ಶೂನ್ಯ ಟಿಕೆಟ್ಟಿನ ಮೇಲಿನ ಸಿಟ್ಟು

2023ರ ಜೂನ್ 11ರಂದು ಜಾರಿಗೆ ಬಂದ, ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನು ‘ಬಿಟ್ಟಿ ಭಾಗ್ಯ’ವೆಂದು ಹೀಗಳೆಯುವವರು ಅದರ ವೆಚ್ಚವನ್ನು ಬಾಯಿಪಾಠ ಮಾಡಿಕೊಂಡಿದ್ದಾರೆಯೇ ಹೊರತು ನಿರ್ವಾಹಕರು ಹರಿದುಕೊಡುವ ಚೀಟಿಯ ಅರ್ಥವನ್ನು ತಿಳಿಯುವ ಗೋಜಿಗೆ ಹೋದಂತಿಲ್ಲ. ಶೂನ್ಯ ಟಿಕೆಟ್ ಎಂದರೆ ಪ್ರಯಾಣಿಕಳಿಂದ ಹಣ ಪಡೆಯದೆ, ಆಕೆ ಸಾಗಿದ ದೂರದ ದರವನ್ನು ಸರ್ಕಾರದ ಲೆಕ್ಕಕ್ಕೆ ಬರೆಯುವ ಚೀಟಿ. ಆ ಲೆಕ್ಕವನ್ನು ಸರ್ಕಾರ ಸಕಾಲಕ್ಕೆ ಚುಕ್ತಾ ಮಾಡದಿದ್ದರೆ ತಪ್ಪು ವಿಧಾನಸೌಧದ್ದು, ಗಾರ್ಮೆಂಟ್ಸಿಗೆ ಹೊರಟು ಕಿಟಕಿಯ ಪಕ್ಕ ಕುಳಿತವಳದ್ದಲ್ಲ.

2025-26ರ ಆಯವ್ಯಯದಲ್ಲಿ ಇಡೀ ರಾಜ್ಯದ ಮಹಿಳೆಯರ ಓಡಾಟಕ್ಕೆಂದು ತೆಗೆದಿರಿಸಿದ ಮೊತ್ತ 5,300 ಕೋಟಿ ರೂಪಾಯಿಯಾದರೆ, ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿಯಲ್ಲಿ ಕೊರೆಯಹೊರಟಿರುವ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಅಂದಾಜು ವೆಚ್ಚ 17,000 ಕೋಟಿಗೂ ಮಿಕ್ಕಿದ್ದು. ಬೀದರಿನಿಂದ ಚಾಮರಾಜನಗರದವರೆಗಿನ ಹೆಂಗಸರು ಮೂರು ವರ್ಷಕ್ಕೂ ಮಿಕ್ಕಿ ತಿರುಗಾಡುವ ಹಣಕ್ಕೆ ಒಂದೇ ಊರಿನ ಕಾರುಗಳಿಗೆ ಒಂದು ಬಿಲ ದಕ್ಕುತ್ತದೆ! ಅದರಲ್ಲಿ ಖಾಸಗಿ ಹೂಡಿಕೆಯೂ ಉಂಟೆಂಬ ಸಮಜಾಯಿಷಿಯನ್ನು ನೀಡುವವರು ಮೂರು ವರ್ಷದ ಶಕ್ತಿಯ ವೆಚ್ಚವನ್ನೂ ಮೀರಿದ ಆ ಬಿಲವನ್ನು ‘ಅಭಿವೃದ್ಧಿ’ಯೆಂದೂ ಬಸ್ಸಿನ ಸೀಟನ್ನು ‘ದಿವಾಳಿ’ಯೆಂದೂ ಕರೆಯುವ ನಿಘಂಟು ಯಾವುದೆಂಬುದನ್ನು ಹೇಳಿಲ್ಲ. ರಸ್ತೆಬದಿಯ ಸಾರ್ವಜನಿಕ ನೆಲದಲ್ಲಿ ಬಾಡಿಗೆಯಿಲ್ಲದೆ ರಾತ್ರಿಯೆಲ್ಲ ನಿಲ್ಲುವ ಕಾರಿನದು ಯಾವ ಭಾಗ್ಯವೋ, ಅದೂ ತಿಳಿಯದು.

ಗಂಡಸರಿಗೆ ಜಾಗವಿಲ್ಲವೆಂಬ ಅಳಲಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ಬಿಎಂಟಿಸಿ ಹೊರತಾದ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ ಅರ್ಧದಷ್ಟು ಆಸನಗಳನ್ನು ಪುರುಷರಿಗೆ ಮೀಸಲಿಡಬೇಕೆಂದು ಯೋಜನೆಯ ಆದೇಶವೇ ವಿಧಿಸಿತ್ತು. ರಾಜಹಂಸ, ಐರಾವತ, ವಜ್ರದಂಥ ಐಷಾರಾಮಿ ಬಸ್ಸುಗಳಿಗೆ ಶಕ್ತಿ ಅನ್ವಯಿಸುವುದೇ ಇಲ್ಲ. ಬಸ್ಸು ತುಂಬಿ ತುಳುಕುವುದು ಬಸ್ಸು ಸಾಲದಿರುವುದಕ್ಕೆ ಸಾಕ್ಷಿಯೇ ಹೊರತು ಹೆಂಗಸರು ಮನೆಯಿಂದ ಹೊರಬಿದ್ದದ್ದು ಅಪರಾಧವೆಂಬುದಕ್ಕಲ್ಲ. ನಗರದವರ ಈ ಗದ್ದಲದಲ್ಲಿ ಮರೆತೇಹೋದವರು ದಿನಕ್ಕೊಂದೋ ಎರಡೋ ಟ್ರಿಪ್ ಕಾಣುವ ಊರುಗಳವರು: ಬಸ್ಸೇ ಬಾರದ ಊರಿನಲ್ಲಿ ಶೂನ್ಯ ಟಿಕೆಟ್ಟಿನ ಬೆಲೆ ನಿಜಕ್ಕೂ ಶೂನ್ಯ, ಮತ್ತು ಆ ಊರಿನ ಪರವಾಗಿ ‘ಬಿಟ್ಟಿ’ಯ ವಿರೋಧಿಗಳು ಒಂದು ಮನವಿಯನ್ನೂ ಬರೆದಂತಿಲ್ಲ.

2025ರ ಜನವರಿಯಲ್ಲಿ ಬಸ್ ದರ ಶೇಕಡ 15ರಷ್ಟು ಏರಿದಾಗ ದೂರಿದ್ದು ಮತ್ತೆ ಶಕ್ತಿಯನ್ನೇ; ಮರುತಿಂಗಳು ಶೂನ್ಯ ಟಿಕೆಟ್ಟಿನ ಸೋಂಕೇ ಇಲ್ಲದ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಜಿಗಿದಾಗ ದೂರಲು ಹೆಂಗಸರು ಸಿಗಲಿಲ್ಲ. ಆದ್ದರಿಂದ ಸರ್ಕಾರವು ಸುರಂಗದ ಕಡತವನ್ನು ಮುಚ್ಚಿ, ಸಾರಿಗೆ ನಿಗಮಗಳಿಗೆ ಕೊಡಬೇಕಾದ ಬಾಕಿಯನ್ನು ತೀರಿಸಿ, ಬಸ್ಸು ಕೊಳ್ಳಬೇಕು.